ಸರಕು ಹಾದುಹೋಗುವ ಊರು, ಸರಕು ತಂಗುವ ಊರು

ಸಂತೆಯಿಂದ ತಂದ ಚೀಲವನ್ನು ಅಡಿಗೆಯ ಮನೆಯಲ್ಲಿ ಇಳಿಸಿದಾಗ ಅದರೊಳಗಿನ ಒಂದೊಂದು ಪದಾರ್ಥದ ಬೆಲೆಯಲ್ಲಿಯೂ ಎರಡೆರಡು ಪಾಲುಗಳಿರುತ್ತವೆ. ಒಂದು ಪಾಲು ಅದನ್ನು ಬೆಳೆದವನ ದುಡಿಮೆಯದು. ಇನ್ನೊಂದು ಪಾಲು ಆ ಪದಾರ್ಥವು ನಮ್ಮ ಬಾಗಿಲಿಗೆ ನಡೆದು ಬಂದ ದಾರಿಯದು. ಬೆಳೆದವನ ಪಾಲನ್ನು ಕುರಿತು ನಾವೆಲ್ಲರೂ ಆಗಾಗ ಮಾತನಾಡುತ್ತೇವೆ. ಮಳೆ ಹೋಯಿತು, ಬೆಳೆ ಕೆಟ್ಟಿತು, ಧಾರಣೆ ಬಿದ್ದಿತು ಎಂಬ ಮಾತುಗಳು ನಮ್ಮ ಕಟ್ಟೆಯ ಮೇಲೆ ದಿನವೂ ಕೇಳಬರುತ್ತವೆ. ಆದರೆ ದಾರಿಯ ಪಾಲನ್ನು ಕುರಿತು ವಿಚಾರ ಮಾಡುವವರು ಕಡಿಮೆ. ನಿಜವಾಗಿ ನೋಡಿದರೆ ಎಷ್ಟೋ ಸಲ ಕೊಳ್ಳುವವನ ಕೈ ಸುಡುವದಕ್ಕೂ ಬೆಳೆದವನ ಕೈ ಬರಿದಾಗುವದಕ್ಕೂ ಈ ಎರಡನೆಯ ಪಾಲೇ ಕಾರಣವಾಗಿರುತ್ತದೆ. ಆದುದರಿಂದ ಈ ತಿಂಗಳು ನಮ್ಮ ವಾಚಕರೊಡನೆ ಸರಕು ಸಾಗಾಟವನ್ನು ಕುರಿತೂ, ಒಂದು ಸೀಮೆಯ ಏಳಿಗೆಗೂ ಅದಕ್ಕೂ ಇರುವ ಸಂಬಂಧವನ್ನು ಕುರಿತೂ ನಾಲ್ಕು ಮಾತುಗಳನ್ನು ಆಡಬೇಕೆಂದು ಮಾಡಿದ್ದೇವೆ.

ಸಾಗಾಟವೆಂದರೆ ಬರಿಯ ಗಾಡಿಯ ಓಟವಲ್ಲ. ಹೊಲದಿಂದ ಮಾಲನ್ನು ಒಟ್ಟುಗೂಡಿಸುವದು, ಆರಿಸುವದು, ತೂಗುವದು, ಚೀಲಕ್ಕೆ ತುಂಬುವದು, ಕೆಡದಂತೆ ಇಡುವದು, ಹೇರುವದು, ದಾರಿಯಲ್ಲಿ ಕಾಯುವದು, ಇಳಿಸುವದು, ಲೆಕ್ಕ ಮುಟ್ಟಿಸುವದು, ಇವೆಲ್ಲವೂ ಕೂಡಿ ಒಂದು ಸಾಗಾಟವಾಗುತ್ತದೆ. ಇಂದಿನವರು ಇದಕ್ಕೆ ಲಾಜಿಸ್ಟಿಕ್ಸ್ ಎಂದು ದೊಡ್ಡ ಹೆಸರನ್ನು ಇಟ್ಟಿರುವರು. ಹೆಸರು ಹೊಸದಾದರೂ ಕೆಲಸವು ಹಳೆಯದು. ಈ ಸರಪಣಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಮಿಕ್ಕ ಕೊಂಡಿಗಳ ಗಟ್ಟಿತನದಿಂದ ಪ್ರಯೋಜನವಿಲ್ಲ.

ಈ ವಿಚಾರಕ್ಕೆ ದೂರದ ದೇಶದ ಉದಾಹರಣೆಯನ್ನು ತರುವ ಬದಲು ನಮ್ಮ ವಿಜಯಪುರ ಜಿಲ್ಲೆಯ ಮುಳವಾಡದ ಸೀಮೆಯನ್ನೇ ತೆಗೆದುಕೊಳ್ಳೋಣ. ಬಸವನಬಾಗೇವಾಡಿಯ ಕಡೆಯ ಈ ಊರಿಗೆ ಸಾಗಾಟಕ್ಕೆ ಬೇಕಾದ ಸಾಧನಗಳೆಲ್ಲ ಬಂದು ಸೇರಿರುವವೆಂದರೆ ತಪ್ಪಾಗಲಾರದು. ಗದಗದಿಂದ ಹೋಟಗಿಗೆ ಹೋಗುವ ರೈಲು ದಾರಿಯು ಈ ಸೀಮೆಯೊಳಗಿಂದ ಹಾದಿದೆ. ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳನ್ನು ಕೂಡಿಸಿ ಅಂಕೋಲೆಯ ಕಡಲತೀರಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 ಕೊಲ್ಹಾರದ ಮೇಲಿಂದ ಹೋಗುತ್ತದೆ. ಕೊಲ್ಹಾರದಲ್ಲಿ ಕೃಷ್ಣೆಯ ಹಿನ್ನೀರಿನ ಮೇಲೆ ಕೊರ್ತಿಯ ದಂಡೆಯ ವರೆಗೆ ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆ ಇದೆ. ಆಲಮಟ್ಟಿಯ ಜಲಾಶಯದಿಂದ ನೀರನ್ನು ಎತ್ತಿ ಹೊಲಗಳಿಗೆ ಹರಿಸುವ ದೊಡ್ಡ ಯೋಜನೆಗೆ ಮುಳವಾಡದ ಹೆಸರೇ ಇದೆ. ಹತ್ತಿರದ ಕೂಡಗಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ನಿಂತಿದೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಮುಳವಾಡದಲ್ಲಿ ಕೈಗಾರಿಕೆಗಳಿಗಾಗಿ ಭೂಮಿಯನ್ನು ಪಡೆದಿದೆ. ನೀರು, ಬೆಂಕಿ, ರೈಲು, ರಸ್ತೆ, ನೆಲ ಐದೂ ಒಂದೆಡೆಗೆ ಕೂಡಿರುವಾಗ ಐಶ್ವರ್ಯವು ತಾನಾಗಿಯೇ ಬರಬೇಕಲ್ಲವೇ? ತಾನಾಗಿಯೇ ಬರುವದಿಲ್ಲವೆಂಬದೇ ನಮ್ಮ ಈ ಲೇಖನದ ಸಾರಾಂಶವು.

ಮೊದಲು ಹಿಂದಿನದನ್ನು ಸ್ವಲ್ಪ ನೆನೆಯುವದು ಯೋಗ್ಯವು. ರೈಲು ಬರುವ ಮುಂಚೆ ಈ ಸೀಮೆಯ ಸರಕೆಲ್ಲ ಹೇರೆತ್ತುಗಳ ಬೆನ್ನಿನ ಮೇಲೆಯೂ ಬಂಡಿಗಳ ಮೇಲೆಯೂ ಸಾಗುತ್ತಿದ್ದಿತು. ಕಪ್ಪು ಎರೆಯ ನೆಲವು ಜೋಳಕ್ಕೆಷ್ಟು ಒಳ್ಳೆಯದೋ ಗಾಲಿಗೆ ಅಷ್ಟೇ ಕೆಟ್ಟದ್ದು. ಮಳೆಗಾಲದಲ್ಲಿ ಬಂಡಿಯು ಅಚ್ಚಿನ ವರೆಗೆ ಹೂತುಹೋಗುವದು. ಲಂಬಾಣಿಗರು ಸಾವಿರಾರು ಎತ್ತುಗಳ ಹಿಂಡುಗಳನ್ನು ಹೊಡೆದುಕೊಂಡು ಕರಾವಳಿಯ ಉಪ್ಪನ್ನು ಮೇಲುನಾಡಿಗೂ ಮೇಲುನಾಡಿನ ಕಾಳನ್ನು ಕರಾವಳಿಗೂ ಮುಟ್ಟಿಸುತ್ತಿದ್ದರು. ಆ ಕಾಲಕ್ಕೆ ಅವರೇ ದಖ್ಖಣದ ಸಾಗಾಟ ಮಂಡಳಿಯೆಂದು ಹೇಳಬಹುದು. ಆದರೆ ಎತ್ತಿಗೆ ದಾರಿಯಲ್ಲಿ ಮೇವು ನೀರು ಬೇಕು. ಬರಗಾಲದಲ್ಲಿ ಕಾಳು ಬೇಕಾದಾಗಲೇ ಮೇವು ಇಲ್ಲದಾಗುವದು. ಮೇವಿಲ್ಲದ ದಾರಿಯಲ್ಲಿ ಎತ್ತು ನಡೆಯದು. 1876ರಿಂದ 1878ರ ವರೆಗಿನ ಭೀಕರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆಯು, ಎಂದರೆ ಇಂದಿನ ವಿಜಯಪುರ ಬಾಗಲಕೋಟೆಗಳ ನಾಡು, ಪಟ್ಟ ಪಾಡು ಹೇಳತೀರದು. ಒಂದು ಕಡೆ ಕಾಳು ಇದ್ದರೂ ಇನ್ನೊಂದು ಕಡೆಯ ಹಸಿದವರ ಬಾಯಿಗೆ ಅದು ಮುಟ್ಟಲಿಲ್ಲ. ಕಾಳಿನ ಅಭಾವದಷ್ಟೇ ದಾರಿಯ ಅಭಾವವೂ ಜನರನ್ನು ಕೊಂದಿತು.

ಆ ಬರದ ತರುವಾಯ ನೇಮಕವಾದ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನು ಒಪ್ಪಿಸಿ, ಬರಗಾಲದ ಸೀಮೆಗಳಿಗೆ ರೈಲು ದಾರಿಗಳನ್ನು ಹಾಕಬೇಕೆಂದು ಸೂಚಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. 1884ರಲ್ಲಿ ಹೋಟಗಿ ಗದಗಗಳ ನಡುವಿನ ಮೀಟರ್ ಗೇಜಿನ ದಾರಿಯು ತೆರೆಯಿತು. ಮರುವರ್ಷವೇ, 1885ರಲ್ಲಿ, ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ರೈಲಿನ ದಾರಿಯ ಮೇಲಿದ್ದ ವಿಜಾಪುರಕ್ಕೆ ಬಂದವು. ಪಾಳು ಬಿದ್ದಿದ್ದ ಆದಿಲಶಾಹಿಯ ಪಟ್ಟಣಕ್ಕೆ ಮತ್ತೆ ಜೀವ ಬಂದಿತು. ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯು ಸಣ್ಣ ಊರಾಗಿ ಉಳಿಯಿತು. ದಾರಿಯು ಯಾವ ಊರಿನ ಹತ್ತಿರ ಹಾಯುವದೆಂಬುದರ ಮೇಲೆ ಊರುಗಳ ಹಣೆಬರಹವು ಎಷ್ಟರ ಮಟ್ಟಿಗೆ ತಿರುಗುವದೆಂಬದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಆದರೆ ಆ ರೈಲಿನಲ್ಲಿಯೂ ಒಂದು ತೊಡಕಿತ್ತು. ಹೋಟಗಿಯಲ್ಲಿ ಅದು ಮುಂಬಯಿಯ ದೊಡ್ಡ ದಾರಿಯನ್ನು ಕೂಡುತ್ತಿದ್ದಿತು; ಆದರೆ ಆ ದಾರಿಯು ಬ್ರಾಡ್ ಗೇಜಿನದು. ಎರಡೂ ದಾರಿಗಳ ಹಳಿಗಳ ಅಂತರವು ಬೇರೆ ಬೇರೆಯಾದುದರಿಂದ ಈ ಕಡೆಯ ಡಬ್ಬಿಯು ಆ ಕಡೆಗೆ ಹೋಗಲಾರದು. ಹತ್ತಿಯ ಅಂಡಿಗೆಯನ್ನೂ ಕಾಳಿನ ಚೀಲವನ್ನೂ ಇಳಿಸಿ ಮತ್ತೊಂದು ಡಬ್ಬಿಗೆ ಹೇರಬೇಕಾಗುತ್ತಿದ್ದಿತು. ಇಳಿಸುವಾಗೊಮ್ಮೆ ಕೂಲಿ, ಏರಿಸುವಾಗೊಮ್ಮೆ ಕೂಲಿ, ನಡುವೆ ಕಾಯುವ ದಿನಗಳು, ಸೋರಿಹೋಗುವ ಕಾಳು. ಈ ತೊಡಕು ಪೂರ್ತಿಯಾಗಿ ನೀಗುವದಕ್ಕೆ ನೂರಿಪ್ಪತ್ತು ವರ್ಷಗಳ ಮೇಲೆ ಹಿಡಿಯಿತು. 2008ರ ಹೊತ್ತಿಗೆ ಹೋಟಗಿಯಿಂದ ಗದಗದ ವರೆಗೆ ದಾರಿಯೆಲ್ಲ ಬ್ರಾಡ್ ಗೇಜ್ ಆಯಿತು. ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ರೈಲು ಬಂದುದರಿಂದ ಲಂಬಾಣಿಗರ ಹೇರೆತ್ತುಗಳ ವ್ಯಾಪಾರವು ಮುರಿದುಹೋಯಿತು. ಒಂದು ಹೊಸ ದಾರಿಯು ಹತ್ತು ಜನರಿಗೆ ಅನ್ನ ಕೊಟ್ಟರೆ ಇಬ್ಬರ ಅನ್ನವನ್ನು ಕಸಿಯುವದೂ ಉಂಟು. ಆ ಇಬ್ಬರ ಗತಿಯೇನೆಂದು ಕೇಳುವದು ಊರಿನ ಕರ್ತವ್ಯವು.

ಇನ್ನು ಬೆಳೆಯ ಮಾತಿಗೆ ಬರೋಣ. ನಮ್ಮ ಹಿರಿಯರ ಒಕ್ಕಲುತನವು ಬಿಳಿಜೋಳ, ಕಡಲೆ, ಕುಸುಬಿ, ತೊಗರಿಗಳದು. ಈ ಬೆಳೆಗಳ ದೊಡ್ಡ ಗುಣವೇನಂದರೆ ಇವು ಕಾಯಬಲ್ಲವು. ಅಂಗಳದಲ್ಲಿಯೋ ಹಾಳು ಮಣ್ಣಿನ ಗಟ್ಟಿ ನೆಲದಲ್ಲಿಯೋ ಹಗೇವನ್ನು ತೋಡಿ, ಒಳಗೆ ಸುತ್ತಲೂ ದಂಟು ಹುಲ್ಲುಗಳನ್ನು ಒತ್ತಿ, ಜೋಳವನ್ನು ತುಂಬಿ, ಬಾಯಿಗೆ ಬಂಡೆಯನ್ನಿಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿದ್ದಿತು. ಗಾಳಿ ಸುಳಿಯದ ಆ ಗುಂಡಿಯಲ್ಲಿ ಹುಳ ಬದುಕುತ್ತಿರಲಿಲ್ಲ. ಹಗೇವನ್ನು ತೆರೆದ ಕೂಡಲೆ ಒಳಗಿಳಿದ ಮನುಷ್ಯನೂ ಉಸಿರುಗಟ್ಟಿ ಸಾಯುವನೆಂದು ಹಿರಿಯರು ಬಾಯಿ ತೆರೆದಿಟ್ಟು ಗಾಳಿಯಾಡಿಸಿಯೇ ಇಳಿಯುತ್ತಿದ್ದರು. ಹಗೇವೇ ಒಕ್ಕಲಿಗನ ಬ್ಯಾಂಕು, ಹಗೇವೇ ಅವನ ಉಗ್ರಾಣ. ಪೇಟೆಯಲ್ಲಿ ಧಾರಣೆ ಇಳಿದಿದ್ದರೆ ಅವನು ಬಾಯಿ ತೆರೆಯದೆ ಕುಳಿತುಕೊಳ್ಳಬಲ್ಲವನಾಗಿದ್ದನು.

ನೀರು ಬಂದ ಮೇಲೆ ಈ ಸ್ಥಿತಿಯು ಬದಲಾಯಿತು. ಆಲಮಟ್ಟಿಯ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ನಡುವೆ ನಾಲ್ವತ್ತೆರಡು ವರ್ಷಗಳು ಕಳೆದವು. ಹಿನ್ನೀರಿನಲ್ಲಿ ಎಷ್ಟೋ ಊರುಗಳೂ ಹೊಲಗಳೂ ಮುಳುಗಿದವು. ಆ ತ್ಯಾಗದ ಮೇಲೆ ನಿಂತ ನೀರನ್ನು ಬಳೂತಿಯ ಹತ್ತಿರ ಎತ್ತಿ, ಮುಳವಾಡ ಏತ ನೀರಾವರಿಯ ಕಾಲುವೆಗಳ ಮೂಲಕ ಎತ್ತರದ ಒಣ ನೆಲಕ್ಕೆ ಹರಿಸಲಾಗುತ್ತಿದೆ. ನೀರು ಕಂಡ ಒಕ್ಕಲಿಗನು ಸಹಜವಾಗಿಯೇ ಕಬ್ಬು, ಉಳ್ಳಾಗಡ್ಡಿ, ದ್ರಾಕ್ಷಿ, ದಾಳಿಂಬೆ, ನಿಂಬೆಗಳ ಕಡೆಗೆ ತಿರುಗಿದನು. ಇವುಗಳಿಂದ ಹಣವು ಹೆಚ್ಚು ಬರುವದು ನಿಜ. ಆದರೆ ಇವು ಯಾವವೂ ಹಗೇವಿನಲ್ಲಿ ಕೂಡ್ರುವ ಬೆಳೆಗಳಲ್ಲ. ಕಡಿದ ಕಬ್ಬು ದಿನದಿನಕ್ಕೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಕಿತ್ತ ದ್ರಾಕ್ಷಿಯು ಬಿಸಿಲಿನಲ್ಲಿ ಎರಡು ದಿನ ನಿಲ್ಲಲಾರದು. ಜೋಳದ ಒಕ್ಕಲಿಗನು ಪೇಟೆಯನ್ನು ಕಾಯಿಸುತ್ತಿದ್ದನು. ದ್ರಾಕ್ಷಿಯ ಒಕ್ಕಲಿಗನನ್ನು ಪೇಟೆಯೇ ಕಾಯಿಸುತ್ತದೆ. ನೀರಾವರಿಯು ಎಷ್ಟು ಎಕರೆಗೆ ಮುಟ್ಟಿತೆಂದು ಲೆಕ್ಕ ಹಾಕುವವರು, ಆ ಎಕರೆಗಳ ಬೆಳೆಯನ್ನು ಇಡುವದಕ್ಕೂ ಸಾಗಿಸುವದಕ್ಕೂ ಏನು ವ್ಯವಸ್ಥೆಯಾಯಿತೆಂಬ ಎರಡನೆಯ ಲೆಕ್ಕವನ್ನೂ ಅದರ ಜೊತೆಗೇ ಹಾಕತಕ್ಕದ್ದು.

ಉಳ್ಳಾಗಡ್ಡಿಯನ್ನೇ ನೋಡಿರಿ. ಈ ಕಡೆಯ ಒಕ್ಕಲಿಗರು ಅದನ್ನು ಸೊಲ್ಲಾಪುರಕ್ಕೆ ಒಯ್ಯುವದುಂಟು, ಬೆಂಗಳೂರಿಗೂ ಒಯ್ಯುವದುಂಟು. ತಿಳಿವಳಿಕೆಗಾಗಿ ನಾವು ಒಂದು ಲೆಕ್ಕವನ್ನು ಕಲ್ಪಿಸೋಣ. ಅಂಕಿಗಳು ಕಲ್ಪಿತವಾದರೂ ರೀತಿಯು ನಿಜವಾದದ್ದು. ಒಂದು ಕ್ವಿಂಟಲ್ ಉಳ್ಳಾಗಡ್ಡಿಗೆ ಪೇಟೆಯಲ್ಲಿ 1,500 ರೂಪಾಯಿ ಧಾರಣೆ ಇರಲಿ. ಲಾರಿಯ ಬಾಡಿಗೆ, ಚೀಲ, ಹಮಾಲಿ, ತೂಕ ಎಲ್ಲ ಕೂಡಿ 300 ರೂಪಾಯಿ ಹೋಗಲಿ. ಒಕ್ಕಲಿಗನ ಕೈಗೆ 1,200 ಉಳಿಯಿತು. ಈಗ ಧಾರಣೆಯು ಅರ್ಧಕ್ಕಿಳಿದು 750 ಆಯಿತೆನ್ನೋಣ. ಲಾರಿಯವನ ಬಾಡಿಗೆಯು ಅರ್ಧಕ್ಕಿಳಿಯುವದಿಲ್ಲ. ಚೀಲದ ಬೆಲೆಯೂ ಹಮಾಲಿಯೂ ಇಳಿಯುವದಿಲ್ಲ. 300 ರೂಪಾಯಿಯ ವೆಚ್ಚವು ಹಾಗೆಯೇ ಇರಲು ಅವನ ಕೈಗೆ ಉಳಿಯುವದು 450 ಮಾತ್ರ. ಪೇಟೆಯಲ್ಲಿ ಬೆಲೆಯು ಅರ್ಧವಾದರೆ ಅವನ ಗಳಿಕೆಯು ಅರ್ಧಕ್ಕಿಂತಲೂ ಬಹಳ ಕಡಿಮೆಯಾಯಿತು. ಬೆಲೆ ಇನ್ನೂ ಇಳಿದು 300ಕ್ಕೆ ಬಂದಿತೆಂದರೆ, ಕಿತ್ತು ಸಾಗಿಸುವದಕ್ಕಿಂತ ಹೊಲದಲ್ಲಿಯೇ ಬಿಟ್ಟು ರಂಟೆ ಹೊಡೆಯುವದು ಲೇಸೆಂದು ಅವನಿಗೆ ತೋರುವದರಲ್ಲಿ ಆಶ್ಚರ್ಯವೇನು? ಪತ್ರಿಕೆಗಳಲ್ಲಿ ಉಳ್ಳಾಗಡ್ಡಿಯನ್ನು ರಸ್ತೆಗೆ ಸುರಿದರೆಂಬ ಸುದ್ದಿಯನ್ನು ಓದಿ ಮರುಗುವ ನಮ್ಮ ಗೃಹಸ್ಥರು ಅದರ ಹಿಂದಿರುವ ಈ ಲೆಕ್ಕವನ್ನು ಅರಿತುಕೊಳ್ಳಬೇಕು.

ಇದೇ ಲೆಕ್ಕವನ್ನು ತಿರುವಿಹಾಕಿ ನೋಡಿದರೆ ಉಪಾಯವೂ ಕಾಣುತ್ತದೆ. ಧಾರಣೆಯು ಒಕ್ಕಲಿಗನ ಕೈಯಲ್ಲಿಲ್ಲ. ಆದರೆ 300ರ ವೆಚ್ಚವನ್ನು 200ಕ್ಕೆ ಇಳಿಸುವದು ಊರಿನವರು ಕೂಡಿದರೆ ಸಾಧ್ಯವು. ಬೆಲೆಯು 750 ಇದ್ದಾಗ ಆ ನೂರು ರೂಪಾಯಿಯ ಉಳಿತಾಯದಿಂದ ಅವನ ಗಳಿಕೆಯು 450ರಿಂದ 550ಕ್ಕೆ, ಎಂದರೆ ಐದರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಏರುತ್ತದೆ. ಒಳ್ಳೆಯ ವರ್ಷದಲ್ಲಿ ಈ ಉಳಿತಾಯವು ಸಣ್ಣದಾಗಿ ಕಂಡೀತು. ಕೆಟ್ಟ ವರ್ಷದಲ್ಲಿ ಮನೆಯನ್ನು ಉಳಿಸುವದು ಇದೇ.

ದ್ರಾಕ್ಷಿಯ ಕಥೆಯು ಇನ್ನೂ ಬೋಧಪ್ರದವಾಗಿದೆ. ಹಸಿ ದ್ರಾಕ್ಷಿಯನ್ನು ದೂರಕ್ಕೆ ಸಾಗಿಸುವದು ಕಷ್ಟವೆಂದು ವಿಜಯಪುರದ ತೋಟಿಗರಲ್ಲಿ ಅನೇಕರು ಅದನ್ನು ಒಣದ್ರಾಕ್ಷಿಯಾಗಿ ಮಾಡುತ್ತಾರೆ. ಗೊಂಚಲುಗಳನ್ನು ಪೊಟ್ಯಾಸಿಯಮ್ ಕಾರ್ಬೋನೇಟನ್ನೂ ಒಂದು ವಿಶೇಷ ಎಣ್ಣೆಯನ್ನೂ ಕೂಡಿಸಿದ ನೀರಿನಲ್ಲಿ ಅದ್ದಿ, ನೆರಳಿನ ಚಪ್ಪರದೊಳಗೆ ಬಲೆಯ ಅಟ್ಟಣಿಗೆಗಳ ಮೇಲೆ ಎರಡು ವಾರಗಳ ವರೆಗೆ ಹರವುತ್ತಾರೆ. ಈ ಸೀಮೆಯ ಒಣ ಗಾಳಿಯು ಮಿಕ್ಕ ಕೆಲಸವನ್ನು ಮಾಡುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿಯಾಗುವದು. ನಾಲ್ಕು ಲಾರಿಗಳ ಹೇರು ಒಂದು ಲಾರಿಗೆ ಬಂದಿತು. ಎರಡು ದಿನ ಬಾಳದ ಹಣ್ಣು ತಿಂಗಳುಗಟ್ಟಲೆ ಬಾಳುವ ಸರಕಾಯಿತು. ಹಣ್ಣನ್ನು ಒಣಗಿಸುವದೂ ಸಾಗಾಟದ ಒಂದು ಕಲೆಯೇ ಎಂದು ಇದರಿಂದ ಗೊತ್ತಾಗುವದು.

ಆದರೆ ಮುಂದೇನಾಗುತ್ತದೆ? ಈ ಒಣದ್ರಾಕ್ಷಿಯ ಬಹುಭಾಗವು ಮಹಾರಾಷ್ಟ್ರದ ತಾಸಗಾಂವಿಗೂ ಸಾಂಗ್ಲಿಗೂ ಹೋಗುತ್ತ ಬಂದಿದೆ. ಶೀತಗೃಹಗಳು ಅಲ್ಲಿವೆ; ದೂರದ ಊರುಗಳ ಕೊಳ್ಳುವವರು ಅಲ್ಲಿಗೆ ಬರುತ್ತಾರೆ; ಲಿಲಾವು ಅಲ್ಲಿ ನಡೆಯುತ್ತದೆ. ತಾಸಗಾಂವಿಗೆ ನಮ್ಮ ನಾಡಿನವರ ಮೇಲೆ ದ್ವೇಷವಿಲ್ಲ, ಅಲ್ಲಿಯ ವ್ಯಾಪಾರಸ್ಥರ ಜಾಣತನವನ್ನು ನಾವು ಮೆಚ್ಚಲೇಬೇಕು. ಆದರೆ ಸರಕು ತಂಗಿದಲ್ಲಿ ಹಣವೂ ತಂಗುತ್ತದೆ. ಇಡುವ ಬಾಡಿಗೆ, ಆರಿಸುವ ಕೂಲಿ, ಡಬ್ಬಿ ಕಟ್ಟುವವನ ಲಾಭ, ಲಾರಿಯ ದಲಾಲಿ, ಬ್ಯಾಂಕಿನ ವ್ಯವಹಾರ, ಖಾನಾವಳಿಯ ಗಿರಾಕಿ, ಇವೆಲ್ಲವೂ ಹಣ್ಣು ಬೆಳೆದ ಊರಿಗೆ ದೊರೆಯದೆ ಹಣ್ಣು ತಂಗಿದ ಊರಿಗೆ ದೊರೆಯುತ್ತವೆ. ಬೆಳೆದ ಊರಿಗೆ ಉಳಿಯುವದು ಪಟ್ಟಿಯ ಚೀಟಿ ಮತ್ತು ಅದರ ಮೇಲಿನ ಮೊತ್ತವು ಮಾತ್ರ.

ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚನೆಯ ಮನ್ನಣೆ ದೊರೆತಿದೆ. ಹೆಸರಿನ ಬೆಲೆಯು ದೊಡ್ಡದು. ಆದರೆ ಇಂಡಿಯ ನಿಂಬೆಯು ಬಿಡಿ ಚೀಲದಲ್ಲಿ ಬೇರೆ ಊರಿಗೆ ಹೋಗಿ ಅಲ್ಲಿಯ ಹೆಸರಿಲ್ಲದ ನಿಂಬೆಯೊಡನೆ ಬೆರೆತುಹೋದರೆ ಆ ಮನ್ನಣೆಯಿಂದ ಒಕ್ಕಲಿಗನಿಗೆ ಏನು ಬಂದಿತು? ಇಲ್ಲಿಯೇ ಗಾತ್ರಕ್ಕೆ ತಕ್ಕಂತೆ ಆರಿಸಿ, ಇಲ್ಲಿಯೇ ಪೆಟ್ಟಿಗೆ ಕಟ್ಟಿ, ಇಲ್ಲಿಯ ಮುದ್ರೆಯನ್ನೊತ್ತಿ ಕಳುಹಿದಾಗಲೇ ಹೆಸರು ಹಣವಾಗುವದು. ಈ ಆರಿಸುವ ಕಟ್ಟುವ ಕೆಲಸದಲ್ಲಿ ನಮ್ಮ ಹೆಣ್ಣುಮಕ್ಕಳ ಕಣ್ಣೂ ಕೈಯೂ ಬಹು ಚುರುಕು. ಊರನ್ನು ಬಿಟ್ಟು ಹೋಗದೆ, ಮನೆಯ ಹತ್ತಿರದಲ್ಲಿಯೇ ನೆರಳಿನಲ್ಲಿ ಕುಳಿತು ದುಡಿಯುವ ಗೌರವದ ಕೆಲಸವದು.

ಇನ್ನು ಕೂಡಗಿಯ ಮಾತು. ಅಲ್ಲಿಯ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ. 2016 ಮತ್ತು 2018ರ ನಡುವೆ ಅವು ಕೆಲಸಕ್ಕೆ ಬಂದವು. ಒಟ್ಟು 2,400 ಮೆಗಾವಾಟು. ಅದರ ಒಲೆಗೆ ಬೇಕಾದ ಕಲ್ಲಿದ್ದಲು ನೂರಾರು ಮೈಲು ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ಒಂದು ಗಾಡಿಯಲ್ಲಿ ಸುಮಾರು 3,500ರಿಂದ 4,000 ಟನ್ನಿನ ವರೆಗೆ ಕಲ್ಲಿದ್ದಲು ಇರುವದು. ಇಂಥ ಗಾಡಿಗಳ ಸಾಲಿಗೆ ಒಂಟಿ ದಾರಿಯು ಸಾಲದಾದುದರಿಂದ ಹೋಟಗಿಯಿಂದ ಕೂಡಗಿಯ ಮೇಲೆ ಗದಗದ ವರೆಗಿನ 284 ಕಿಲೋಮೀಟರ್ ದಾರಿಯನ್ನು ಜೋಡಿ ಮಾಡುವ ಕೆಲಸವನ್ನು ಕೈಕೊಳ್ಳಲಾಯಿತು. ಬಡ ಸೀಮೆಯ ಜೋಳಕ್ಕಾಗಿ ಆಗದೆ ಇದ್ದ ಕೆಲಸವು ಕಲ್ಲಿದ್ದಲಿಗಾಗಿ ಆಯಿತು. ಇದರಲ್ಲಿ ದುಃಖಪಡುವದಕ್ಕೇನೂ ಇಲ್ಲ. ಭಾರಿಯ ಸರಕು ಇದ್ದಲ್ಲಿಗೇ ಭಾರಿಯ ದಾರಿಯು ಬರುವದು ಎಲ್ಲ ದೇಶಗಳ ರೂಢಿಯು. ಜಾಣರು ಮಾಡತಕ್ಕದ್ದೇನಂದರೆ, ಒಬ್ಬನಿಗಾಗಿ ಬಂದ ದಾರಿಯನ್ನು ನಾಲ್ವರು ಉಪಯೋಗಿಸಿಕೊಳ್ಳುವದು.

ಇಲ್ಲಿ ಮರುಬಾಡಿಗೆಯ ತತ್ತ್ವವೊಂದನ್ನು ವಾಚಕರು ತಿಳಿಯಬೇಕು. ಲಾರಿಯು ತುಂಬಿ ಹೋಗಿ ಬರಿದಾಗಿ ಬಂದರೆ ಬಂದ ದಾರಿಯ ಎಣ್ಣೆಯ ಖರ್ಚನ್ನೂ ಹೋದ ಸರಕಿನ ಮೇಲೆಯೇ ಹೊರಿಸಬೇಕಾಗುವದು. ಎರಡೂ ಕಡೆಗೆ ಹೇರು ಸಿಕ್ಕರೆ ಬಾಡಿಗೆಯು ತಾನಾಗಿಯೇ ಇಳಿಯುವದು. ಹಿಂದಿನ ಲಂಬಾಣಿಗನು ಈ ತತ್ತ್ವವನ್ನು ಚೆನ್ನಾಗಿ ಬಲ್ಲವನು. ಹೋಗುವಾಗ ಕಾಳು, ಬರುವಾಗ ಉಪ್ಪು. ಕಲ್ಲಿದ್ದಲಿನ ತೆರೆದ ಡಬ್ಬಿಗಳಲ್ಲಿ ತಿನ್ನುವ ಪದಾರ್ಥವನ್ನು ತುಂಬಲಾಗದು, ನಿಜ. ಆದರೆ ಸುಟ್ಟ ಕಲ್ಲಿದ್ದಲಿನ ಬೂದಿಯು ಸಿಮೆಂಟಿಗೂ ಇಟ್ಟಿಗೆಗೂ ಬರುವ ವಸ್ತುವು. ಅದನ್ನು ಮುಚ್ಚಿ ಜೋಕೆಯಿಂದ ಸಾಗಿಸಿದರೆ ಸರಕು. ಗಾಳಿಗೆ ಬಿಟ್ಟರೆ ನೆರೆಯವರ ಬೆಳೆಗೂ ಎದೆಗೂ ರೋಗ. ಅದೇ ಪದಾರ್ಥವು ಐಶ್ವರ್ಯವಾಗುವದೋ ಉಪದ್ರವವಾಗುವದೋ ಎಂಬದು ಅದನ್ನು ಸಾಗಿಸುವ ರೀತಿಯನ್ನೇ ಅವಲಂಬಿಸಿದೆ.

ಮುಳವಾಡದ ಕೈಗಾರಿಕಾ ಪ್ರದೇಶವನ್ನು ಕುರಿತು ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುವೆವು. ಕಾರಖಾನೆಗಳು ಬರಲಿ, ಆದರೆ ನೆಲವನ್ನು ಕೊಟ್ಟವರ ಮಕ್ಕಳು ಅಲ್ಲಿ ಬಾಗಿಲು ಕಾಯುವವರಾಗಿ ಮಾತ್ರ ಉಳಿಯಬಾರದು. ಈ ಸೀಮೆಗೆ ಒಪ್ಪುವ ಮೊದಲ ಉದ್ಯೋಗಗಳು ಈ ಸೀಮೆಯ ಸರಕನ್ನೇ ತಂಗಿಸುವಂಥವು: ಶೀತಗೃಹ, ಒಣದ್ರಾಕ್ಷಿಯನ್ನು ಆರಿಸಿ ಕಟ್ಟುವ ಮನೆ, ತೊಗರಿ ಕಡಲೆಗಳ ಬೇಳೆಯ ಗಿರಣಿ, ಕುಸುಬಿಯ ಗಾಣ, ಲಾರಿಗಳನ್ನೂ ಯಂತ್ರಗಳನ್ನೂ ದುರಸ್ತಿ ಮಾಡುವ ಶಾಲೆಗಳು. ಸೇತುವೆ ಹೆದ್ದಾರಿಗಳಿಗೆ ಕರುಣೆಯೂ ಇಲ್ಲ, ಪಕ್ಷಪಾತವೂ ಇಲ್ಲ. ಅದೇ ದಾರಿಯು ನಮ್ಮ ನಿಂಬೆಯನ್ನು ಹೊರಗೆ ಒಯ್ಯುವದು. ಅದೇ ದಾರಿಯು ಹೊರಗಿನ ಅಗ್ಗದ ಸರಕನ್ನು ನಮ್ಮ ಸಂತೆಗೆ ತಂದು ನಮ್ಮ ಕುಶಲಕರ್ಮಿಯನ್ನು ಮೂಲೆಗೆ ಕೂಡ್ರಿಸುವದು. ಅದೇ ದಾರಿಯ ಬಸ್ಸು ನಮ್ಮ ತರುಣರನ್ನು ಗೋವೆಗೂ ಪುಣೆಗೂ ಕೂಲಿಗೆ ಒಯ್ಯುವದು. ಊರಿನಲ್ಲಿ ಸರಕು ತಂಗಿದರೆ ಜನರೂ ತಂಗುವರು.

ಇತರ ನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. 1956ರ ಏಪ್ರಿಲ್ 26ರಂದು ಅಮೇರಿಕೆಯ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಒಂದು ಹಡಗು 58 ಅಲ್ಯೂಮಿನಿಯಮ್ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಲಾರಿಯ ಯಜಮಾನನಾಗಿದ್ದ ಮಾಲ್ಕಮ್ ಮೆಕ್ಲೀನನ ಈ ಯುಕ್ತಿಯಿಂದ ಚೀಲಗಳನ್ನೂ ಪೀಪಾಯಿಗಳನ್ನೂ ಒಂದೊಂದಾಗಿ ಏರಿಸುವ ಇಳಿಸುವ ಕಾಲ ಮುಗಿಯಿತು. ಇಡಿಯ ಪೆಟ್ಟಿಗೆಯೇ ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ನೆಗೆಯತೊಡಗಿತು. ಹೋಟಗಿಯಲ್ಲಿ ನಮ್ಮ ಹಮಾಲರು ಪಡುತ್ತಿದ್ದ ತೊಡಕಿಗೆ ಜಗತ್ತು ಕಂಡುಕೊಂಡ ಉತ್ತರವಿದು. 1989ರಲ್ಲಿ ಆರಂಭವಾದ ಮುಂಬಯಿಯ ಹತ್ತಿರದ ನ್ಹಾವಾ ಶೇವಾ ಬಂದರವು ಇಂಥ ಪೆಟ್ಟಿಗೆಗಳ ಬಲದಿಂದಲೇ ಬೆಳೆಯಿತು. ನಮಗೆ ಹತ್ತಿರದ ಕಡಲು ಅಂಕೋಲೆಯದಾದರೂ ಹುಬ್ಬಳ್ಳಿಯಿಂದ ಅಲ್ಲಿಗೆ ರೈಲು ಇಲ್ಲ. ಘಟ್ಟದ ದಟ್ಟಡವಿಯನ್ನು ಕಡಿಯಬೇಕೋ ಬೇಡವೋ ಎಂಬ ವಾದದಲ್ಲಿ ಆ ಯೋಜನೆಯು ದಶಕಗಳಿಂದ ನಿಂತಿದೆ. ಅಡವಿಯ ಬೆಲೆಯೂ ಬೆಲೆಯೇ ಆದುದರಿಂದ ಆ ವಾದವನ್ನು ನಾವು ಹಗುರಾಗಿ ಕಾಣುವದಿಲ್ಲ.

ಸಣ್ಣ ಒಕ್ಕಲಿಗನ ಮುಖ್ಯ ತೊಡಕು ಅವನ ಹೇರಿನ ಸಣ್ಣತನವೇ. ಇಪ್ಪತ್ತು ಚೀಲಕ್ಕೆ ಲಾರಿ ಬರುವದಿಲ್ಲ. ಬಂದರೂ ಇನ್ನೂರು ಚೀಲದ ಬಾಡಿಗೆಯನ್ನು ಕೇಳುವದು. ಇದಕ್ಕೆ ಕೂಡುವಿಕೆಯೊಂದೇ ಮದ್ದು. ನಮ್ಮ ನಾಡಿಗೆ ಇದು ಹೊಸ ಪಾಠವಲ್ಲ. ಇದೇ ರೈಲು ದಾರಿಯ ಕೊನೆಯಲ್ಲಿರುವ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಮುಂದಿನ ದಶಕದಲ್ಲಿ ಹುಬ್ಬಳ್ಳಿ ಗದಗಗಳಲ್ಲಿ ಹತ್ತಿಯನ್ನು ಕೂಡಿಸಿ ಮಾರುವ ಸಂಘಗಳು ನಡೆದವು. ಇತ್ತೀಚೆಗೆ 2020ರ ಆಗಸ್ಟಿನಲ್ಲಿ ಆರಂಭವಾದ ಕಿಸಾನ್ ರೈಲು ನಮ್ಮ ನೆರೆಯ ಸಾಂಗೋಲೆಯ ದಾಳಿಂಬೆಯನ್ನು ಬಂಗಾಲದ ವರೆಗೆ ಒಯ್ದಿತು. ಅಂಥ ನೂರನೆಯ ಗಾಡಿಯು 2020ರ ಡಿಸೆಂಬರ್ 28ರಂದು ಸಾಂಗೋಲೆಯಿಂದಲೇ ಹೊರಟಿತು. ಬಾಡಿಗೆಯಲ್ಲಿ ಅರ್ಧವನ್ನು ಆಗ ಸರಕಾರವು ಹೊತ್ತಿತು. ಸಣ್ಣ ಹೇರನ್ನೂ ನಡುವಿನ ನಿಲ್ದಾಣಗಳಲ್ಲಿ ಹತ್ತಿಸಿಕೊಂಡದ್ದೇ ಅದರ ವಿಶೇಷ. ಸರಕಾರದ ರಿಯಾಯಿತಿಯು ಇಂದು ಬಂದೀತು, ನಾಳೆ ಹೋದೀತು. ಹೇರನ್ನು ಕೂಡಿಸುವ ಸಂಘವು ಊರಿನಲ್ಲಿದ್ದರೆ ರಿಯಾಯಿತಿ ಹೋದ ಮೇಲೂ ಅದು ಉಳಿಯುವದು.

ಗೃಹಸ್ಥರು ತಿಳಿದಿರಬೇಕಾದ ಎರಡು ಕಾಯಿದೆಯ ಸಂಗತಿಗಳನ್ನೂ ಇಲ್ಲಿ ಹೇಳುವೆವು. ಮೊದಲನೆಯದು ಉಗ್ರಾಣದ ರಸೀದಿ. 2007ರ ಉಗ್ರಾಣ ಕಾಯಿದೆಯಂತೆ ನೋಂದಣಿಯಾದ ಉಗ್ರಾಣದಲ್ಲಿ ತೊಗರಿ, ಕಡಲೆ, ಜೋಳಗಳನ್ನಿಟ್ಟು ಪಡೆದ ರಸೀದಿಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲವನ್ನು ಪಡೆಯಬಹುದು. ಮಗಳ ಮದುವೆಗೋ ಮಗನ ಶಾಲೆಯ ಫೀಗೋ ಹಣ ಬೇಕೆಂದು ಸುಗ್ಗಿಯಲ್ಲಿಯೇ ಬಿದ್ದ ಧಾರಣೆಗೆ ಮಾರುವ ಅವಸರವು ಇದರಿಂದ ತಪ್ಪುವದು. ಇದು ಹಳೆಯ ಹಗೇವೇ, ಆದರೆ ಬ್ಯಾಂಕು ನಂಬುವ ಹಗೇವು. ಎರಡನೆಯದು ಗಡಿಯ ಮಾತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯ ತೆರಿಗೆಯ ಠಾಣ್ಯಗಳು ಎದ್ದುಹೋದವು. 2018ರ ಏಪ್ರಿಲಿನಿಂದ ಅವುಗಳ ಬದಲಿಗೆ ಇ-ವೇ ಬಿಲ್ಲು ಬಂದಿತು. ಸೊಲ್ಲಾಪುರ ಸಾಂಗ್ಲಿಗಳ ನೆರೆಯಲ್ಲಿರುವ ನಮ್ಮಂಥ ಗಡಿಸೀಮೆಗೆ ಇದರಿಂದ ದಾರಿ ಸುಗಮವಾಯಿತು. ಆದರೆ ಸುಗಮವಾದ ದಾರಿಯು ಎರಡೂ ಕಡೆಗೆ ಸುಗಮವೆಂಬದನ್ನು ಮರೆಯಲಾಗದು. ಉಗ್ರಾಣವು ನಮ್ಮಲ್ಲಿಲ್ಲದಿದ್ದರೆ ನಮ್ಮ ಸರಕು ಮೊದಲಿಗಿಂತಲೂ ಬೇಗನೆ ನೆರೆಯ ಉಗ್ರಾಣವನ್ನು ಸೇರುವದು.

ಹಾಗಾದರೆ ನಮ್ಮ ವಾಚಕರು ಮಾಡತಕ್ಕದ್ದೇನು? ದೊಡ್ಡ ದಾರಿಗಳನ್ನು ಕಟ್ಟುವದು ಸರಕಾರದ ಕೆಲಸ. ಆದರೆ ಹೊಲದಿಂದ ಹೆದ್ದಾರಿಯ ವರೆಗಿನ ಎರಡು ಮೈಲಿನ ಕೆಸರು ದಾರಿಯನ್ನು ಗ್ರಾಮಪಂಚಾಯಿತಿಯ ಸಭೆಯಲ್ಲಿ ಕೇಳಿ ಮಾಡಿಸಿಕೊಳ್ಳುವದು ಊರಿನವರ ಕೆಲಸ. ಸರಕು ಹೆಚ್ಚು ಕೆಡುವದು ನೂರು ಮೈಲಿನ ಹೆದ್ದಾರಿಯಲ್ಲಲ್ಲ, ಈ ಎರಡು ಮೈಲಿನಲ್ಲಿಯೇ. ಹತ್ತು ಮನೆಗಳು ಕೂಡಿ ಒಂದೇ ದಿನ ಮಾಲನ್ನು ತೆಗೆದು ಒಂದೇ ಲಾರಿಗೆ ಹೇರುವದು, ಬಂದ ಪಟ್ಟಿಯನ್ನು ಎಲ್ಲರ ಮುಂದೆ ಓದುವದು, ಲಾರಿ ಬರುವಾಗ ಗೊಬ್ಬರವನ್ನೋ ಕಿರಾಣಿಯನ್ನೋ ತರುವಂತೆ ಅಂಗಡಿಕಾರರೊಡನೆ ಮೊದಲೇ ಮಾತಾಡಿಕೊಳ್ಳುವದು, ಇವು ಯಾವ ಮಂತ್ರಿಯ ಅಪ್ಪಣೆಯನ್ನೂ ಕಾಯದ ಕೆಲಸಗಳು. ನೆಲವನ್ನು ಕೊಟ್ಟ ಮನೆತನದವರು ಬಂದ ಪರಿಹಾರದ ಹಣವನ್ನು ಮೋಟಾರಿಗೂ ಮದುವೆಯ ಮೆರವಣಿಗೆಗೂ ಸುರಿಯದೆ, ಅದರಲ್ಲಿ ಒಂದು ಪಾಲನ್ನಾದರೂ ಮಕ್ಕಳಿಗೆ ಲೆಕ್ಕ, ಯಂತ್ರ, ಶೀತಗೃಹದ ಕೆಲಸಗಳನ್ನು ಕಲಿಸುವದಕ್ಕೆ ತೆಗೆದಿಡಲಿ. ಪಟ್ಟಣದ ಗೃಹಿಣಿಯರು ಒಣದ್ರಾಕ್ಷಿಯನ್ನೂ ನಿಂಬೆಯನ್ನೂ ಕೊಳ್ಳುವಾಗ ಅದು ಎಲ್ಲಿ ಬೆಳೆಯಿತು, ಎಲ್ಲಿ ಕಟ್ಟಲ್ಪಟ್ಟಿತು ಎಂದು ಅಂಗಡಿಯವನನ್ನು ಒಮ್ಮೆ ಕೇಳಲಿ. ಕೇಳುವವರು ಹೆಚ್ಚಾದರೆ ಹೇಳುವವರೂ ಹುಟ್ಟುವರು.

ರೈಲು ಬಂದು ನೂರನಾಲ್ವತ್ತು ವರ್ಷಗಳು ಕಳೆದವು; ನೀರು ಬಂದಿತು, ವಿದ್ಯುತ್ತು ಬಂದಿತು, ಸೇತುವೆ ಬಂದಿತು. ಮುಳವಾಡದ ಹೊಲಗಳ ಪಕ್ಕದಲ್ಲಿ ಸರಕಿನ ಗಾಡಿಗಳು ಹಗಲಿರುಳೂ ಹಾದುಹೋಗುತ್ತಿವೆ. ಹಾದುಹೋಗುವ ಸರಕಿನಿಂದ ಊರಿಗೆ ದೊರೆಯುವದು ಸದ್ದು ಮತ್ತು ಧೂಳು. ಅದರಲ್ಲಿ ನೂರಕ್ಕೆ ಹತ್ತು ಪಾಲನ್ನಾದರೂ ಊರಿನಲ್ಲಿ ನಿಲ್ಲಿಸಿ, ಆರಿಸಿ, ಕಟ್ಟಿ, ಬೆಲೆಯೇರಿಸಿ ಕಳುಹುವ ಜಾಣತನವು ಈ ಪೀಳಿಗೆಯವರಿಗೆ ಬಂದರೆ, ಇಲ್ಲಿಯ ತರುಣನು ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಗೋವೆಯ ಬಸ್ಸನ್ನು ಹತ್ತುವದು ನಿಲ್ಲುವದು. ಅದನ್ನು ಸಾಧಿಸಿಕೊಳ್ಳುವದು ಆ ಸೀಮೆಯ ಗೃಹಸ್ಥರ ಕೈಯಲ್ಲಿದೆ.